ಗುರಿ ಸರಿ, ಕತ್ತಿ ಮಾತ್ರ ಹಠಮಾರಿ

ರಿಮೋಟನ್ನು ಟಿವಿ ಕಡೆ ಹಿಡಿದರೆ ಬಂದೂಕು, ಬೀಸಿದರೆ ಕತ್ತಿ! 2006ರಲ್ಲಿ ನಿಂಟೆಂಡೊ ವೀ ಕನ್ಸೋಲ್ ಜೊತೆಗೇ ಬಂದ ಯೂಬಿಸಾಫ್ಟ್‌ನ ‘ರೆಡ್ ಸ್ಟೀಲ್’ ಆಟ ತೋರಿಸಿದ ಆಸೆ ಇದು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯ್ತು. ಆದರೆ ಹಲವು ವಿಮರ್ಶಕರು ಮೂಗು ಮುರಿದರು. ಯಾಕೆ?

ಟಿವಿ ಬಳಿ ಇಡೋ ಸೆನ್ಸರ್ ಬಾರ್ ಇನ್‌ಫ್ರಾರೆಡ್ ಬೆಳಕು ಬಿಡುತ್ತೆ. ರಿಮೋಟ್ ಮೂತಿಯ ಪುಟ್ಟ ಕ್ಯಾಮೆರಾ ಅದನ್ನ ನೋಡಿ, ನೀವು ಎತ್ತ ಗುರಿ ಇಟ್ಟಿದ್ದೀರಿ ಅಂತ ಲೆಕ್ಕ ಹಾಕುತ್ತೆ. ಎದುರಿಗಿರೋನಿಗೆ ಹೊಡೆಯೋದು ಸಲೀಸು. ಬೆನ್ನ ಹಿಂದೆ ಬಂದವನ ಕಡೆ ತಿರುಗಬೇಕಾ? ಗುರಿಯನ್ನ ಪರದೆಯ ಅಂಚಿಗೆ ಒಯ್ದು ಕಾಯಬೇಕು. ಅಷ್ಟರಲ್ಲಿ ಗುಂಡು ಬಿದ್ದಿರುತ್ತೆ!

ಕತ್ತಿಯದ್ದು ಇನ್ನೂ ಫಜೀತಿ. ಅದು ನಿಮ್ಮ ಕೈಯನ್ನ ಹಿಂಬಾಲಿಸಲ್ಲ. ಬೀಸಿದ ದಿಕ್ಕು ಊಹಿಸಿ, ಮೊದಲೇ ಸಿದ್ಧವಾಗಿರೋ ಏಟೊಂದನ್ನ ತೋರಿಸುತ್ತೆ, ಅಷ್ಟೇ. ಅದೂ ಆಟ ನಿಗದಿ ಮಾಡಿದ ಕಾಳಗಗಳಲ್ಲಿ ಮಾತ್ರ.

ಆಟಗಾರರಲ್ಲಿ ಒಮ್ಮತ ಇರಲಿಲ್ಲ. ‘ಕೈ ಪಳಗಿದರೆ ಮಜಾ’ ಅಂದರು ಕೆಲವರು. ‘ತೋಳು ನೋಯೋದಷ್ಟೇ ಲಾಭ’ ಅಂದರು ಇನ್ನು ಕೆಲವರು.

2010ರಲ್ಲಿ ‘ರೆಡ್ ಸ್ಟೀಲ್ 2’ ಬಂತು. ಈ ಸಲ ತಿರುಗುವಿಕೆ ಅಳೆಯೋ ಗೈರೊಸ್ಕೋಪ್ ಇರೋ, ರಿಮೋಟ್‌ನ ಜೋಡಣೆ ‘ವೀ ಮೋಷನ್‌ಪ್ಲಸ್’ ಕಡ್ಡಾಯ. ಮಣಿಕಟ್ಟು ತಿರುಗಿದ್ದೂ ಆಟಕ್ಕೆ ಗೊತ್ತಾಗುತ್ತೆ. ಬೇಕೆಂದಾಗ ಬಂದೂಕು, ಬೇಕೆಂದಾಗ ಕತ್ತಿ. ಜೋರಾಗಿ ಬೀಸಿದರೆ ಏಟೂ ಜೋರು. ವಿಮರ್ಶಕರು ಭೇಷ್ ಅಂದರು. ವಿಚಿತ್ರ ಅಂದರೆ, ಇದು ಮೊದಲನೆಯದರಷ್ಟು ಖರ್ಚಾಗಲೇ ಇಲ್ಲ!

ಹಾಗಾಗಿ ಕೈ ಬೀಸಿ ಆಡೋ ಶೂಟಿಂಗ್ ಆಟ ಕೊಳ್ಳೋ ಮುಂಚೆ ಟ್ರೇಲರ್ ನೋಡಿ ಮರುಳಾಗಬೇಡಿ. ಹಿಂದಕ್ಕೆ ತಿರುಗೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಮೊದಲು ಅದನ್ನ ನೋಡಿ.