ಬೆನ್ನ ಮೇಲೊಂದು ಚೀಲ, ಆಗುಂಬೆಯ ಮಳೆಕಾಡಿನಲ್ಲಿ ಎರಡು ದಿನ

ಮುಂಬಯಿ: ಊರಿಗೆ ಹೋಗುವುದೆಂದರೆ ಮದುವೆ, ಗೃಹಪ್ರವೇಶ, ದೇವಸ್ಥಾನಗಳ ದರ್ಶನ ಎಂಬುದು ಇಲ್ಲಿನ ಕನ್ನಡಿಗರಲ್ಲಿ ರೂಢಿ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ತುಳು-ಕನ್ನಡಿಗ ತರುಣನೊಬ್ಬ ಕಳೆದ ಅಕ್ಟೋಬರ್‌ನಲ್ಲಿ ಸಂಬಂಧಿಕರ ಮದುವೆ ಮುಗಿಸಿ, ಉಳಿದ ಎರಡು ದಿನಗಳನ್ನು ಆಗುಂಬೆಯ ಕಾಡಿಗೆ ಮೀಸಲಿಟ್ಟ. ಚೀಲದಲ್ಲಿದ್ದದ್ದು ಎರಡು ಜೊತೆ ಬಟ್ಟೆ, ಟಾರ್ಚು, ರೈನ್‌ಕೋಟು ಹಾಗೂ ಒಂದು ಪೊಟ್ಟಣ ಉಪ್ಪು.

ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ. ಅಲ್ಲಿಂದ ಹೆಬ್ರಿ, ಸೋಮೇಶ್ವರ ಮಾರ್ಗವಾಗಿ ಆಗುಂಬೆಗೆ ಸುಮಾರು 55 ಕಿ.ಮೀ. ಘಾಟಿಯ 14 ತಿರುವುಗಳನ್ನು ಏರಿದರೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕು. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಣಗೊಂಡ ಊರು ಇದೇ.

ಮಳೆಯ ಲೆಕ್ಕ

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ಮುಂಬಯಿ ಮುಳುಗಿದ್ದನ್ನು ಯಾರೂ ಮರೆತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಇದು ಮುಂಬಯಿಯ ಮಳೆಯ ಸುಮಾರು ಮೂರು ಪಟ್ಟು. ಆದರೆ ಅಲ್ಲಿ ಮಳೆಯ ಪೆಟ್ಟನ್ನು ಮೊದಲು ತಡೆದುಕೊಳ್ಳುವುದು ಮರಗಳ ನೆತ್ತಿ. ಬಳಿಕ ತರಗೆಲೆಯ ಹಾಸು, ಬೇರುಗಳು ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ತೊರೆಗಳಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಸೀತಾ ನದಿ ಪಡುವಣಕ್ಕೆ ಅರಬ್ಬೀ ಸಮುದ್ರದತ್ತ, ಮಾಲತಿ ಹೊಳೆ ಮೂಡಣಕ್ಕೆ ತುಂಗೆಯತ್ತ ಹರಿಯುತ್ತವೆ. ಅವಿಭಜಿತ ದಕ್ಷಿಣ ಕನ್ನಡದವರಿಗೂ ಬಯಲುಸೀಮೆಯವರಿಗೂ ಈ ಕಾಡಿನ ಋಣವಿದೆ.

ಹೊಳೆ ನೋಡಿ ಹೆಜ್ಜೆ

ತರುಣನಿಗೆ ಒಬ್ಬನೇ ಬರ್ಕಣ ಜಲಪಾತದ ಕಡೆ ಹೋಗುವ ಆಸೆಯಿತ್ತು. ಉಳಿದುಕೊಂಡಿದ್ದ ಮನೆಯ ಹಿರಿಯ ಗೃಹಿಣಿ ಒಪ್ಪಲಿಲ್ಲ. ‘ಈಗ ಮಳೆ ಇಲ್ವಲ್ಲಮ್ಮ’ ಎಂದಾಗ ಅವರೆಂದರು: ‘ಇಲ್ಲಿ ಮಳೆ ಬೀಳ್ದಿದ್ರೂ ಮೇಲೆ ಬಿದ್ರೆ ಸಾಕು ತಮ್ಮಾ, ಹೊಳೆ ಏರ್ತದೆ. ಹೋಗುವಾಗ ಮೊಣಕಾಲಿಗಿದ್ದ ನೀರು ಬರುವಾಗ ಎದೆಮಟ್ಟ ಇರ್ತದೆ.’ ಅಂದು ಮಧ್ಯಾಹ್ನವೇ ಮಳೆ ಹಿಡಿಯಿತು. ಮರುದಿನ ಅರಣ್ಯ ಇಲಾಖೆಯ ಅನುಮತಿ ಇರುವ ದಾರಿಯಲ್ಲಿ, ಸ್ಥಳೀಯ ಮಾರ್ಗದರ್ಶಿಯೊಂದಿಗೆ ನಡಿಗೆ ಸಾಗಿತು.

ಕಾಡೊಳಗೆ ನಡುಹಗಲಲ್ಲೂ ಮುಸ್ಸಂಜೆಯ ಬೆಳಕು. ನಿಂತಲ್ಲೆಲ್ಲ ಇಂಬಳ ಕಾಲಿಗೇರುತ್ತಿತ್ತು, ಉಪ್ಪಿನ ಪೊಟ್ಟಣ ಆಗ ಕೆಲಸಕ್ಕೆ ಬಂತು. ಇಂಬಳ ಕಚ್ಚಿದರೆ ನೋವಿಲ್ಲ, ರಕ್ತ ಮಾತ್ರ ಬೇಗ ನಿಲ್ಲುವುದಿಲ್ಲ. ಸಿಂಗಳೀಕವಾಗಲಿ ಕಾಳಿಂಗ ಸರ್ಪವಾಗಲಿ ಕಣ್ಣಿಗೆ ಬೀಳಲಿಲ್ಲ. ಎರಡು ದಿನಕ್ಕೆ ಬಂದವನಿಗೆ ಎಲ್ಲವನ್ನೂ ತೋರಿಸುವ ಹರಕೆಯನ್ನು ಕಾಡು ಹೊತ್ತಿಲ್ಲವಷ್ಟೆ!

ಕನ್ನಡದ ‘ಕಾಳಿಂಗ’

ಕಾಳಿಂಗ ಸರ್ಪಕ್ಕೆ ಆಗುಂಬೆ ಹೆಸರುವಾಸಿ. ಉರಗತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ತರಗೆಲೆ ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವುದು ಈ ಹಾವಿನ ವಿಶೇಷ. ಪಶ್ಚಿಮ ಘಟ್ಟದ ಕಾಳಿಂಗ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ಡಾ. ಗೌರಿ ಶಂಕರ್ ಮತ್ತು ಸಂಗಡಿಗರು ಪ್ರಕಟಿಸಿ, ಅದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ನಮ್ಮ ಹಿರಿಯರ ಬಾಯಲ್ಲಿದ್ದ ಪದ ಈಗ ಜಗತ್ತಿನ ವಿಜ್ಞಾನದ ಪುಸ್ತಕ ಸೇರಿದೆ ಎಂಬುದು ಕನ್ನಡಿಗರಿಗೆಲ್ಲ ಅಭಿಮಾನದ ಸಂಗತಿ.

ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾಡು ಉಳಿಯದು. ಘಾಟಿಯ ತಿರುವುಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಬಾಟಲಿ, ತಿಂಡಿಯ ಪೊಟ್ಟಣಗಳನ್ನು ತಂದು ಎಸೆದವರು ಪ್ರವಾಸಿಗರೇ.

ಸಂಘ-ಸಂಸ್ಥೆಗಳು ವರ್ಷಕ್ಕೊಮ್ಮೆ ಯುವ ಸದಸ್ಯರ ಸಣ್ಣ ತಂಡವನ್ನು ಇತ್ತ ಕರೆದೊಯ್ಯಬಹುದು. ಖರ್ಚು ಹೆಚ್ಚೇನಿಲ್ಲ. ಮಳೆಗಾಲದ ಆರ್ಭಟ ಇಳಿದ ಮೇಲೆ ಹೋಗಲಿ, ಊರವರ ಮಾತು ಕೇಳಲಿ, ಒಯ್ದ ಕಸವನ್ನು ಚೀಲದಲ್ಲೇ ವಾಪಸು ತರಲಿ. ಅಜ್ಜ-ಅಜ್ಜಿ ಬಿಟ್ಟು ಬಂದ ಊರು ಮಕ್ಕಳಿಗೆ ಮದುವೆ ಮಂಟಪದಾಚೆಗೂ ಪರಿಚಯವಾಗಬೇಕಲ್ಲವೇ?