ಸೂರ್ಯನಿಗೆ ಗುತ್ತಿಗೆ ಕೊಟ್ಟ ನೆಲ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು. ತಿರುಮಣಿಯ ಬಳಿ ದಿಣ್ಣೆಯೊಂದನ್ನು ಏರಿದರೆ ಕಣ್ಣು ಹಾಯುವಷ್ಟು ದೂರ ಬರೀ ನೀಲಿ. ಮಳೆ ಮರೆತ ಈ ಸೀಮೆಗೆ ಕಡಲು ಎಲ್ಲಿಂದ ಬಂತೆಂದು ಕ್ಷಣಕಾಲ ಬೆರಗು! ಹತ್ತಿರ ಹೋದರೆ ಅಲೆಗಳೆಲ್ಲ ಗಾಜಿನ ಫಲಕಗಳು. ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿದ, 2,050 ಮೆಗಾವ್ಯಾಟ್ ಸಾಮರ್ಥ್ಯದ ಈ 'ಶಕ್ತಿಸ್ಥಳ' ಜಗತ್ತಿನ ಬೃಹತ್ ಸೌರ ಉದ್ಯಾನಗಳ ಪಂಕ್ತಿಯಲ್ಲಿ ವಿರಾಜಮಾನವಾಗಿದೆ.

ವಿದ್ಯುತ್ತಿನ ವಿಷಯದಲ್ಲಿ ಕನ್ನಡನಾಡಿನ ಪರಂಪರೆ ಘನವಾದುದೇ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1960ರ ದಶಕದಲ್ಲಿ ಶರಾವತಿ ಕೈಹಿಡಿದಳು. ಬೇಡಿಕೆಯನ್ನು ಹೊಳೆಗಳಷ್ಟೇ ಪೂರೈಸಲಾಗದೆ 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಬಂತು. ಅದರ ಹಿಂದೆಯೇ ಕಲ್ಲಿದ್ದಲಿನ ರೈಲು, ಹಾರುಬೂದಿ, ಇಂಗಾಲದ ಡೈಆಕ್ಸೈಡ್. ಆ ಹೊಗೆಗೆ ರಾಜ್ಯ ಕೊಟ್ಟ ದಿಟ್ಟ ಉತ್ತರಗಳಲ್ಲಿ 2014ರ ಸೌರ ನೀತಿಯದು ಅಗ್ರಸ್ಥಾನ.

ಪಾವಗಡದ ಯೋಜನೆಯ ನಿಜವಾದ ಜಾಣ್ಮೆ ಫಲಕಗಳಲ್ಲಿಲ್ಲ, ಪಹಣಿಯಲ್ಲಿದೆ. 2015ರಲ್ಲಿ ರಾಜ್ಯದ ನವೀಕರಿಸಬಹುದಾದ ಇಂಧನ ನಿಗಮವಾದ ಕ್ರೆಡಲ್ ಮತ್ತು ಭಾರತ ಸೌರಶಕ್ತಿ ನಿಗಮ ಸೇರಿ ಕಟ್ಟಿದ ಸಂಸ್ಥೆ ರೈತರ ಹೊಲಗಳನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಕೇಳಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ, ಒಡೆತನ ರೈತನ ಹೆಸರಿನಲ್ಲೇ. ಕೊಳವೆಬಾವಿ ಬತ್ತಿ, ಕಡಲೆಕಾಯಿ ಕೈಕೊಟ್ಟು ಕಂಗೆಟ್ಟವರಿಗೆ ಇದು ಮಳೆಯ ಹಂಗಿಲ್ಲದ ಫಸಲು. ನೆಲ, ರಸ್ತೆ, ಉಪಕೇಂದ್ರಗಳನ್ನು ಮೊದಲೇ ಸಜ್ಜುಗೊಳಿಸಿ, ಉದ್ಯಾನವನ್ನು 50 ಮೆಗಾವ್ಯಾಟ್‌ಗಳ ತುಂಡುಗಳಾಗಿ ಹರಾಜಿಗಿಟ್ಟದ್ದರಿಂದ ಉತ್ಪಾದಕರ ತಲೆನೋವೂ ತಗ್ಗಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆ; 2019ರ ಅಂತ್ಯಕ್ಕೆ ಪೂರ್ಣ ಸಾಮರ್ಥ್ಯ. ಹೊಲವೇ ಇಲ್ಲದ ಕೂಲಿಕಾರರಿಗೆ ಮಾತ್ರ ಗುತ್ತಿಗೆಯ ಹಣವಿಲ್ಲ. ಕಳೆ ಕೀಳುವ ಕೆಲಸ ಹೋಯಿತು. ಕೆಲವರಿಗಷ್ಟೇ ಫಲಕ ತೊಳೆಯುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ದಕ್ಕಿತು. ಇಷ್ಟು ಭವ್ಯವಾದ ಯೋಜನೆಗೆ ಇದು ಸಣ್ಣ ಕೊರತೆಯಲ್ಲ.

ಇನ್ನು ಸಂಜೆಯ ಪ್ರಶ್ನೆ. ಹಗಲು ಪಂಪ್‌ಸೆಟ್‌ಗಳಿಗೆ ಬಿಸಿಲಿನ ವಿದ್ಯುತ್ ಹರಿಸಬಹುದು. ದೀಪ ಹಚ್ಚುವ ಹೊತ್ತಿಗೆ ಪಾವಗಡ ಮೌನವಾಗುತ್ತದೆ, ರಾಯಚೂರಿನ ಕುಲುಮೆಗಳು ಉರಿಯಲೇಬೇಕು. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ಸಂಜೆ ಕೆಳಗೆ ಬಿಟ್ಟು 2,000 ಮೆಗಾವ್ಯಾಟ್ ಪಡೆಯುವ ಶರಾವತಿ ಭೂಗತ ಯೋಜನೆ ರೂಪುಗೊಂಡದ್ದು ಸಂಜೆಯ ಈ ಕೊರತೆ ನೀಗಲೆಂದೇ. ಆದರೆ ಆ ಎರಡು ಜಲಾಶಯಗಳ ನಡುವೆ ಇರುವುದು ಸಿಂಗಳೀಕಗಳ ಕಾಡು.