ಪಿತ್ತವಿಲ್ಲದ ಕರುಳಿಗೆ ಯಾವ ಕೊಬ್ಬು?

ಲಿವರ್ ಕಾಯಿಲೆ ಇರುವ ಕೂಸಿಗೆ ಕೊಬ್ಬು ಕೊಡಬಹುದೆ? ಕಾಮಾಲೆ ಎಂದೊಡನೆ ಎಣ್ಣೆ, ತುಪ್ಪ ಬಂದ್ ಮಾಡಿ ಗಂಜಿ-ಮಜ್ಜಿಗೆಯ ಪಥ್ಯ ಹಿಡಿಸುವ ನಮ್ಮ ಮನೆಗಳಲ್ಲಿ ಇದಕ್ಕೆ ಉತ್ತರ ಮೊದಲೇ ಸಿದ್ಧವಿರುತ್ತದೆ: ಕೊಡಬಾರದು. ಮೈಯಲ್ಲಿ ದಾಸ್ತಾನು ಇರುವ ದೊಡ್ಡವರು ಆ ಪಥ್ಯವನ್ನು ಹೇಗೋ ತಾಳಿಕೊಂಡಾರು. ಕೂಸಿನ ಲೆಕ್ಕ ಬೇರೆ. ತಾಯಿಹಾಲು ಕೊಡುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಬರುವುದು ಕೊಬ್ಬಿನಿಂದ. ಸಾಲದ್ದಕ್ಕೆ, ಪಿತ್ತ ಕಟ್ಟಿಕೊಂಡ ಕೂಸಿಗೆ ಆರೋಗ್ಯವಂತ ಕೂಸಿಗಿಂತ ಕಾಲುಭಾಗದಿಂದ ಅರ್ಧದಷ್ಟು ಹೆಚ್ಚು ಶಕ್ತಿ ಬೇಕು. ಆದ್ದರಿಂದ ಕೊಬ್ಬನ್ನು ನಿಲ್ಲಿಸುವುದು ತಪ್ಪು; ಅದರ ಬಗೆಯನ್ನು ಬದಲಿಸಬೇಕು.

ಬೈಲಿಯರಿ ಅಟ್ರೇಸಿಯಾವನ್ನೇ ನೋಡಿ. ಎಳೆಗೂಸಿನ ಪಿತ್ತನಾಳಗಳು ಮುಚ್ಚಿಹೋಗಿ ಪಿತ್ತರಸ ಕರುಳಿಗೆ ಇಳಿಯುವುದಿಲ್ಲ. ಮಲ ಜೇಡಿಮಣ್ಣಿನಂತೆ ಬಿಳಿಚಿಕೊಳ್ಳುತ್ತದೆ. ಜಿಡ್ಡಿನ ಪಾತ್ರೆಗೆ ಬರೀ ನೀರು ಹೊಯ್ದರೆ ಏನೂ ಆಗದು, ಸೀಗೆಪುಡಿ ಹಾಕಿ ಉಜ್ಜಿದರೆ ಜಿಡ್ಡು ಒಡೆದು ನೀರಿನೊಂದಿಗೆ ಹೊರಡುತ್ತದೆ. ಕರುಳಿನಲ್ಲಿ ಪಿತ್ತಲವಣಗಳ ಕೆಲಸವೂ ಅದೇ. ಇದು ತಿಳಿದ ಬಗೆ ಸ್ವಾರಸ್ಯಕರ. 19ನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ಡ್ ಮೊಲಗಳನ್ನು ಪರೀಕ್ಷಿಸಿದ. ಮೊಲದಲ್ಲಿ ಪಿತ್ತನಾಳ ಕರುಳನ್ನು ಮೇಲೆ ಸೇರುತ್ತದೆ, ಮೇದೋಜೀರಕದ ನಾಳ ಬಹಳ ಕೆಳಗೆ. ಕೊಬ್ಬು ತಿಂದ ಮೊಲದಲ್ಲಿ, ಕರುಳಿನಿಂದ ಕೊಬ್ಬನ್ನು ಹೊತ್ತೊಯ್ಯುವ ದುಗ್ಧನಾಳಗಳು ಆ ಕೆಳಗಿನ ನಾಳ ದಾಟಿದ ಮೇಲಷ್ಟೇ ಹಾಲಿನಂತೆ ಬೆಳ್ಳಗಾಗಿದ್ದವು. ಹಾಗಾದರೆ ಪಿತ್ತಕ್ಕೆ ಕೆಲಸವೇ ಇಲ್ಲವೆ? ಅವನ ಶಿಷ್ಯ ದಾಸ್ತ್ರ್ ನಾಯಿಯಲ್ಲಿ ಪಿತ್ತ ಕೆಳಗೆ ಬೀಳುವಂತೆ ಮಾಡಿ ನೋಡಿದ. ಈಗ ಪಿತ್ತ ಬೀಳುವ ಜಾಗದಿಂದಾಚೆಗಷ್ಟೇ ನಾಳಗಳು ಬೆಳ್ಳಗಾದವು. ಮೇದೋಜೀರಕ ರಸ ಕೊಬ್ಬನ್ನು ಕತ್ತರಿಸಬೇಕು, ಪಿತ್ತ ಕರಗಿಸಬೇಕು. ಆದರೆ ಎಂಟು-ಹತ್ತು ಇಂಗಾಲದ ಮಧ್ಯಮ ಸರಪಳಿ ಕೊಬ್ಬಿಗೆ, ಅಂದರೆ ಎಂಸಿಟಿಗೆ, ಪಿತ್ತದ ಹಂಗು ಅಷ್ಟಾಗಿ ಇಲ್ಲ. ಅದರ ಸಣ್ಣ ಅಣುಗಳು ನೀರಿನಲ್ಲಿ ಸುಲಭವಾಗಿ ಬೆರೆತು, ದುಗ್ಧನಾಳದ ಸುತ್ತುದಾರಿ ಬಿಟ್ಟು, ಕರುಳಿನಿಂದ ನೇರ ರಕ್ತಕ್ಕೇ ಸೇರುತ್ತವೆ.

ಎಂಸಿಟಿ ಎಣ್ಣೆಯನ್ನು ತೆಂಗಿನೆಣ್ಣೆಯಿಂದಲೂ ತೆಗೆಯುತ್ತಾರೆ. ಹಾಗಿದ್ದರೆ ಗಾಣದ ಕೊಬ್ಬರಿ ಎಣ್ಣೆಯನ್ನೇ ಕೊಟ್ಟರಾಯಿತಲ್ಲ ಎನ್ನುವವರ ಮಾತಿಗೆ ಉತ್ತರ ಕೊಡಬೇಕು. ಕೊಬ್ಬರಿ ಎಣ್ಣೆಯಲ್ಲಿ ಎಂಟು ಮತ್ತು ಹತ್ತು ಇಂಗಾಲದ ಆಮ್ಲಗಳು ಶೇ 15ರ ಆಸುಪಾಸು ಮಾತ್ರ. ಅರ್ಧದಷ್ಟು ಇರುವುದು 12 ಇಂಗಾಲದ ಲಾರಿಕ್ ಆಮ್ಲ. ಅದರ ಬಹುಪಾಲು ಉದ್ದ ಸರಪಳಿಯ ಕೊಬ್ಬಿನ ದಾರಿಯನ್ನೇ ಹಿಡಿಯುತ್ತದೆ. ಕೊಬ್ಬರಿ ಎಣ್ಣೆಯ ಗುಣಗಾನ ಮಾಡುವ ಜಾಹೀರಾತುಗಳು ಈ ವ್ಯತ್ಯಾಸ ಹೇಳದಿರುವುದು ಅನ್ಯಾಯ. ಸರಿ, ಶುದ್ಧ ಎಂಸಿಟಿಯನ್ನೇ ಕೊಟ್ಟರೆ? ಅದೂ ಆಗದು. 1929ರಲ್ಲಿ ಅಮೆರಿಕದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬೇ ಇಲ್ಲದ ಆಹಾರ ತಿಂದ ಇಲಿಗಳ ಬೆಳವಣಿಗೆ ನಿಂತು, ಬಾಲದ ಚರ್ಮ ಹೊಪ್ಪಳೆ ಎದ್ದದ್ದನ್ನು ತೋರಿಸಿದರು. ಮರುವರ್ಷ ಲಿನೊಲೀಕ್ ಆಮ್ಲ ಆಹಾರದಿಂದಲೇ ಬರಬೇಕೆಂದು ಸಾಬೀತುಪಡಿಸಿದರು. ಎಂಸಿಟಿಯಲ್ಲಿ ಅದು ಇಲ್ಲ. ಕೊಬ್ಬಿನ ಶೇ 80ಕ್ಕೂ ಹೆಚ್ಚು ಪಾಲು ಎಂಸಿಟಿಯೇ ಆಗಿದ್ದ ಫಾರ್ಮುಲಾ ಕುಡಿದ ಇಂಥ ಕೂಸುಗಳಲ್ಲಿ ಇದೇ ಕೊರತೆ ಕಾಣಿಸಿಕೊಂಡಿದೆ. ಅದಕ್ಕೇ ಮಕ್ಕಳ ಲಿವರ್ ತಜ್ಞರು ಎರಡೂ ಬಗೆಯ ಕೊಬ್ಬು ಬೆರೆತ ಫಾರ್ಮುಲಾ ಬರೆದುಕೊಡುತ್ತಾರೆ. ಎದೆಹಾಲು ಬಿಡಿಸಲೇಬೇಕೆಂದಿಲ್ಲ; ತೂಕ ಏರದಿದ್ದಾಗ ಫಾರ್ಮುಲಾ ಜೊತೆಗೂಡುತ್ತದೆ.

ಕೊಬ್ಬಿನ ಜೊತೆಗೆ ಎ, ಡಿ, ಇ, ಕೆ ಜೀವಸತ್ವಗಳೂ ಮಲದಲ್ಲಿ ಹೋಗುತ್ತವೆ. ಅವನ್ನು ಬೇರೆಯಾಗಿ ಕೊಡಬೇಕು. ಕೆ ಕಡಿಮೆಯಾದರೆ ಮಿದುಳಿನಲ್ಲೇ ರಕ್ತ ಸೋರಬಹುದು. ತಕ್ಕಡಿಯನ್ನು ಮಾತ್ರ ನಂಬುವಂತಿಲ್ಲ: ಊದಿದ ಲಿವರ್, ಹೊಟ್ಟೆಯಲ್ಲಿ ತುಂಬಿದ ನೀರು ತೂಕವನ್ನು ಹುಸಿಯಾಗಿ ಏರಿಸುತ್ತವೆ. ಅದಕ್ಕೇ ತೋಳಿನ ಸುತ್ತಳತೆ ತೆಗೆಯುತ್ತಾರೆ. ಬೈಲಿಯರಿ ಅಟ್ರೇಸಿಯಾಕ್ಕೆ ಜಪಾನಿನ ಮೊರಿಯೊ ಕಸಾಯಿ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆ ಕೂಸಿಗೆ 60 ದಿನ ತುಂಬುವ ಮೊದಲೇ ಆದರೆ ಪಿತ್ತ ಮತ್ತೆ ಹರಿಯುವ ಸಾಧ್ಯತೆ ಹೆಚ್ಚು. ಹಾಗಿದ್ದರೂ ಎಷ್ಟೋ ಮಕ್ಕಳಿಗೆ ಮುಂದೆ ಲಿವರ್ ಕಸಿ ಬೇಕಾಗುತ್ತದೆ, ಅಲ್ಲಿ ಮೈಕೈ ತುಂಬಿಕೊಂಡು ಬಂದ ಮಗು ಸೊರಗಿ ಬಂದ ಮಗುವಿಗಿಂತ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ.